ಮೊಬೈಲ್‌ನಿಂದ ಗೋಡೆಗೆ: ನಿಮ್ಮ ಫೋಟೊ ಗ್ಯಾಲರಿಯಲ್ಲಿ ನಿಲ್ಲಬೇಕಾದರೆ

ಕಲಬುರಗಿಯಲ್ಲಿ ಎಲ್ಲೇ ಫೋಟೊ ಪ್ರದರ್ಶನ ಆಗಲಿ, ಮೂರನೆಯದೋ ನಾಲ್ಕನೆಯದೋ ಫೋಟೊ ಮುಂದೆ ನಿಂತು ಒಬ್ಬರು ಕೇಳೇ ಕೇಳುತ್ತಾರೆ: "ಇಂಥಾ ಫೋಟೊ ನನ್ನ ಮೊಬೈಲ್‌ನಾಗೂ ಅವಲ್ರೀ, ಇದರಾಗ ಏನದ?" ಓದುಗರು ನನಗೆ ಕೇಳುವುದೂ ಹೆಚ್ಚುಕಡಿಮೆ ಇದನ್ನೇ. ಕೆಲವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, "ಹಂಗಾದ್ರೆ ನಂದೂ ಇಡಬಹುದಲ್ಲ, ಏನು ಮಾಡಬೇಕು?" ಅನ್ನುತ್ತಾರೆ. ಎರಡಕ್ಕೂ ಸೇರಿಸಿ ಇಲ್ಲಿ ಬರೆದಿದ್ದೇನೆ. ಮೊದಲನೆಯದಕ್ಕೆ ಉತ್ತರ ಚಿಕ್ಕದು. ಎರಡನೆಯದಕ್ಕೆ ಒಂಬತ್ತು ಹಂತ ಬೇಕು.

ವ್ಯತ್ಯಾಸ ಎಲ್ಲಿದೆ?

ಸ್ನ್ಯಾಪ್‌ಶಾಟ್ ಅಂದರೆ ನೆನಪಿಗೆ ಇರಲಿ ಅಂತ ಥಟ್ಟನೆ ತೆಗೆದ ಫೋಟೊ. ಅದನ್ನು ಬೇರೆಯವರಿಗೆ ತೋರಿಸುವಾಗ ನೀವು ಏನು ಮಾಡುತ್ತೀರಿ ನೋಡಿ. ಪಕ್ಕದಲ್ಲಿ ಕೂತು ಹೇಳುತ್ತಾ ಹೋಗುತ್ತೀರಿ. "ಇವರು ನಮ್ಮ ಸೋದರಮಾವ. ಇದು ಶರಣಬಸವೇಶ್ವರ ಜಾತ್ರೆ. ಆಗಷ್ಟೇ ಯಾರೋ ತೇರಿಗೆ ಎಸೆದ ಉತ್ತತ್ತಿ ಇವರ ತಲೆಗೆ ಬಡಿದಿತ್ತು." ಅರ್ಧ ಫೋಟೊದಲ್ಲಿದೆ, ಇನ್ನರ್ಧ ನಿಮ್ಮ ಬಾಯಲ್ಲಿದೆ.

ಗ್ಯಾಲರಿಯಲ್ಲಿ ನೀವು ಪಕ್ಕದಲ್ಲಿ ಇರುವುದಿಲ್ಲ. ನೋಡುವವರಿಗೆ ನಿಮ್ಮ ಸೋದರಮಾವ ಯಾರು ಅಂತ ಗೊತ್ತಿಲ್ಲ, ಗೊತ್ತಾಗಬೇಕಾದ ಅಗತ್ಯವೂ ಇಲ್ಲ. ಆದರೂ ಅವರು ಆ ಫೋಟೊ ಮುಂದೆ ನಿಲ್ಲಬೇಕು. ನೀವಿಲ್ಲದೆ ನಿಲ್ಲುವ ಫೋಟೊ ಗೋಡೆಗೆ ಹೋಗುತ್ತದೆ, ನಿಮ್ಮ ಮಾತು ಬೇಡುವ ಫೋಟೊ ಆಲ್ಬಮ್‌ಗೆ ಹೋಗುತ್ತದೆ. ಆಲ್ಬಮ್ ಕಡಿಮೆ, ಗೋಡೆ ಹೆಚ್ಚು ಅಂತ ಇದರರ್ಥ ಅಲ್ಲ. ಮನೆಗೆ ಬೆಂಕಿ ಬಿದ್ದರೆ ನಾನು ಮೊದಲು ಎತ್ತಿಕೊಂಡು ಓಡುವುದು ಆಲ್ಬಮ್ಮನ್ನೇ.

ಕ್ಯಾಮೆರಾದಲ್ಲಿ ವ್ಯತ್ಯಾಸ ಹುಡುಕಬೇಡಿ. 1888ರಲ್ಲಿ ಕೊಡಕ್ ಕಂಪನಿ ನೂರು ಫೋಟೊ ತೆಗೆಯುವ ರೋಲ್ ತುಂಬಿದ ಕ್ಯಾಮೆರಾ ಮಾರಲು ಶುರು ಮಾಡಿತು. ರೋಲ್ ಮುಗಿದ ಮೇಲೆ ಕ್ಯಾಮೆರಾವನ್ನೇ ಕಂಪನಿಗೆ ಕಳಿಸಬೇಕು, ಅವರು ಪ್ರಿಂಟ್ ಮಾಡಿ ಕೊಡುತ್ತಿದ್ದರು. 1900ರಲ್ಲಿ ಒಂದು ಡಾಲರ್‌ಗೆ ಬ್ರೌನಿ ಕ್ಯಾಮೆರಾ ಬಂತು. ಅಂದಿನಿಂದಲೇ ಎಲ್ಲರ ಕೈಯಲ್ಲೂ ಫೋಟೊ ಇದೆ. "ಹಂಗಾದ್ರೆ ಕಲೆ ಯಾವುದು?" ಅನ್ನೋ ಜಗಳವೂ ಅಷ್ಟೇ ಹಳೆಯದು.

ಆ ಜಗಳದಲ್ಲಿ ಮರೆಯಲಾಗದ್ದು 1976ರದು. ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಂನಲ್ಲಿ ವಿಲಿಯಂ ಎಗ್ಲ್‌ಸ್ಟನ್ ಅವರ ಬಣ್ಣದ ಫೋಟೊಗಳನ್ನು ಇಟ್ಟರು. ಮಕ್ಕಳ ಮೂರು ಚಕ್ರದ ಸೈಕಲ್ಲು, ಇಂಥವೇ ದಿನನಿತ್ಯದ ಸಾಮಾನು, ಬೀದಿ, ಮನೆ. ವಿಮರ್ಶಕರು ನೀರಸ ಅಂತ ಬೈದರು. ಇವತ್ತು ಅದೇ ಪ್ರದರ್ಶನವನ್ನು ಬಣ್ಣದ ಫೋಟೊಗ್ರಫಿಯ ದೊಡ್ಡ ತಿರುವು ಅನ್ನುತ್ತಾರೆ. ಸೈಕಲ್ ಎಲ್ಲರ ಮನೆಯಲ್ಲೂ ಇತ್ತು. ಎಗ್ಲ್‌ಸ್ಟನ್ ನೆಲದ ಮಟ್ಟಕ್ಕೆ ಇಳಿದು, ಆ ಸೈಕಲ್ಲು ಹಿಂದಿನ ಮನೆಗಳಿಗಿಂತ ದೊಡ್ಡದಾಗಿ ಕಾಣುವಂತೆ ತೆಗೆದರು. ನಿಂತ ಜಾಗ ಬದಲಾಯಿತು, ಫೋಟೊ ಬದಲಾಯಿತು.

ಉಲ್ಟಾ ದಾರಿಯೂ ಇದೆ. ಚಿತ್ರಕಲಾವಿದೆ ಅಮೃತಾ ಶೇರ್‌ಗಿಲ್ ಅವರ ತಂದೆ ಉಮ್ರಾವ್ ಸಿಂಗ್ ದಶಕಗಳ ಕಾಲ ತಮ್ಮದೇ ಮನೆಯವರ ಫೋಟೊ, ತಮ್ಮದೇ ಫೋಟೊ ತೆಗೆದರು. ಯಾವ ಗ್ಯಾಲರಿಗೂ ಅಂತ ತೆಗೆದದ್ದಲ್ಲ. ಷಿಕಾಗೊದಲ್ಲಿ ಮಕ್ಕಳನ್ನು ನೋಡಿಕೊಳ್ಳುವ ಕೆಲಸ ಮಾಡುತ್ತಿದ್ದ ವಿವಿಯನ್ ಮೇಯರ್ ಒಂದು ಲಕ್ಷಕ್ಕೂ ಹೆಚ್ಚು ನೆಗೆಟಿವ್ ಬಿಟ್ಟುಹೋದರು. 2007ರಲ್ಲಿ ಅವರ ಡಬ್ಬಗಳು ಹರಾಜಿಗೆ ಬಂದ ಮೇಲೆಯೇ ಲೋಕಕ್ಕೆ ಗೊತ್ತಾಗಿದ್ದು. ಇಬ್ಬರ ಫೋಟೊಗಳೂ ಇವತ್ತು ಗ್ಯಾಲರಿಗಳಲ್ಲಿ ಇವೆ. ಬೇರೆ ಯಾರೋ ಕೂತು ಆರಿಸಿ, ಜೋಡಿಸಿ, ಪ್ರಿಂಟ್ ಮಾಡಿದ ಮೇಲೆ. ಆ ಕೆಲಸವನ್ನು ಈಗ ನೀವೇ ಮಾಡಬೇಕು.

ಏನೇನು ಬೇಕು?

ಒಂದು ಕ್ಯಾಮೆರಾ, ಮೊಬೈಲ್ ಆದರೂ ಸಾಕು. ಕಡಿಮೆ ಅಂದರೂ ಆರು ತಿಂಗಳು ಸಮಯ. ನಾಲ್ಕು-ಆರು ಇಂಚಿನ ಅಗ್ಗದ ಪ್ರಿಂಟ್ ಒಂದು ನೂರು. ಅವನ್ನೆಲ್ಲ ಹರಡಲು ನೆಲ. ನಿಮ್ಮ ಮನೆಯದು ಶಹಾಬಾದ್ ಕಲ್ಲಿನ ನೆಲ ಆಗಿದ್ದರೆ ಒಳ್ಳೆಯದೇ, ಆ ಬೂದುಬಣ್ಣದ ಮೇಲೆ ಫೋಟೊ ಚೆನ್ನಾಗಿ ಕಾಣುತ್ತದೆ. ಮತ್ತೆ ಇಬ್ಬರು ಜನ. ಒಬ್ಬರು ನಿಮ್ಮನ್ನು ಬಲ್ಲವರು, ಇನ್ನೊಬ್ಬರು ನಿಮ್ಮ ಪರಿಚಯವೇ ಇಲ್ಲದವರು. ಎರಡನೆಯವರು ಯಾಕೆ ಅಂತ ಹಂತ 4ರಲ್ಲಿ ಗೊತ್ತಾಗುತ್ತದೆ.

ಹಂತ 1: ಏನು ತೋರಿಸುತ್ತೀರಿ ಅಂತ ಒಂದೇ ವಾಕ್ಯದಲ್ಲಿ ಬರೆಯಿರಿ

"ಕಲಬುರಗಿಯ ಸೊಬಗು", "ಬೀದರಿನ ಇತಿಹಾಸ" ಇವು ವಿಷಯ ಅಲ್ಲ, ಪ್ರವಾಸೋದ್ಯಮದ ಬೋರ್ಡು. ವಿಷಯ ಚಿಕ್ಕದಿರಬೇಕು, ಕೈಗೆ ಸಿಗುವಂತಿರಬೇಕು. ಕೆಲವು ಉದಾಹರಣೆ ಕೊಡುತ್ತೇನೆ, ಬೇಕಾದರೆ ಎತ್ತಿಕೊಳ್ಳಿ:

ಶಹಾಪುರದ ಬುದ್ಧ ಮಲಗಿದಂತೆ ಕಾಣುವ ಬೆಟ್ಟ, ಒಂದೇ ಜಾಗದಿಂದ, ಹನ್ನೆರಡು ತಿಂಗಳು.

ನಿಮ್ಮ ತಾಲ್ಲೂಕಿನ ಹಳ್ಳಿಗಳ ಅಗಸಿಗಳು, ಎಲ್ಲವೂ ನೇರ ಎದುರಿನಿಂದ.

ತೊಗರಿ ರಾಶಿ ಮುಗಿದ ಮರುದಿನದ ಕಣಗಳು.

ಎರಡನೆಯ ಉದಾಹರಣೆ ನನ್ನ ತಲೆಯಿಂದ ಬಂದದ್ದಲ್ಲ, ದಾರಿ ಹಾಕಿದವರು ಬೇರೆ. ಜರ್ಮನಿಯ ಬರ್ಂಡ್ ಮತ್ತು ಹಿಲ್ಲಾ ಬೆಕರ್ ಎಂಬ ಗಂಡ ಹೆಂಡತಿ ನೀರಿನ ಟ್ಯಾಂಕು, ಕಾರ್ಖಾನೆಯ ಗೋಪುರ ಇಂಥವನ್ನೇ ದಶಕಗಳ ಕಾಲ ತೆಗೆದರು. ಯಾವಾಗಲೂ ಮೋಡದ ಬೆಳಕು, ಒಂದೇ ಬಗೆಯ ಕೋನ. ಆಮೇಲೆ ಒಂಬತ್ತೋ ಹದಿನೈದೋ ಫೋಟೊಗಳನ್ನು ಚೌಕಾಬಾರದ ಮನೆಗಳ ಹಾಗೆ ಸಾಲಾಗಿ ಜೋಡಿಸುತ್ತಿದ್ದರು. ಒಂದು ಟ್ಯಾಂಕ್ ನೋಡಿದರೆ ಏನೂ ಅನ್ನಿಸುವುದಿಲ್ಲ. ಒಂಬತ್ತು ನೋಡಿದಾಗ ಪ್ರತಿಯೊಂದಕ್ಕೂ ಒಂದು ಮುಖ ಇದೆ ಅಂತ ಕಾಣತೊಡಗುತ್ತದೆ. ಹೀಗೆ ಒಂದೇ ಬಗೆಯ ವಸ್ತುವನ್ನು ಒಂದೇ ರೀತಿ ತೆಗೆದು ಜೋಡಿಸುವುದಕ್ಕೆ ಟೈಪಾಲಜಿ ಅನ್ನುತ್ತಾರೆ. ಹೊಸಬರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇಲ್ಲ.

ಎಚ್ಚರಿಕೆ: ವಾಕ್ಯದಲ್ಲಿ "ಮತ್ತು" ಬಂದರೆ ನಿಮ್ಮ ಹತ್ತಿರ ಎರಡು ವಿಷಯ ಇವೆ. ಒಂದನ್ನು ಬಿಡಿ.

ಹಂತ 2: ಈಗಾಗಲೇ ಇರುವುದನ್ನು ತೆಗೆದು ನೋಡಿ

ಹೊಸದಾಗಿ ತೆಗೆಯುವ ಮೊದಲು ಮೊಬೈಲ್‌ನಲ್ಲಿರುವ ಹಳೆಯ ಫೋಟೊಗಳನ್ನು ಒಮ್ಮೆ ಸೋಸಿ. ನಿಮ್ಮ ವಾಕ್ಯಕ್ಕೆ ಸೇರುವ ಮೂವತ್ತು-ನಲವತ್ತನ್ನು ಚಿಕ್ಕದಾಗಿ ಪ್ರಿಂಟ್ ಹಾಕಿಸಿ ನೆಲದ ಮೇಲೆ ಹರಡಿ. ಮೊಬೈಲ್ ಪರದೆಯಲ್ಲಿ ನೋಡಬೇಡಿ. ಪರದೆಯ ಹಿಂದಿನಿಂದ ಬೆಳಕು ಬರುತ್ತದೆ, ಎಲ್ಲ ಫೋಟೊವೂ ಮಿಂಚುತ್ತದೆ. ಕಾಗದ ಮಿಂಚುವುದಿಲ್ಲ.

ನಿಮ್ಮ ಚಟಗಳು ಆಗ ಕಾಣುತ್ತವೆ. ಯಾವಾಗಲೂ ನಿಂತ ಎತ್ತರದಿಂದಲೇ ತೆಗೆದಿರುತ್ತೀರಿ. ಮುಖ್ಯವಾದದ್ದನ್ನು ಯಾವಾಗಲೂ ನಟ್ಟನಡುವೆ ಇಟ್ಟಿರುತ್ತೀರಿ. ಮೂಲೆಗಳಲ್ಲಿ ಕರೆಂಟ್ ತಂತಿ, ಬೈಕಿನ ಹಿಂಭಾಗ, ಯಾರದೋ ಮೊಣಕೈ. ಇದಕ್ಕೆ ಬೇಜಾರು ಬೇಡ, ಎಲ್ಲರದೂ ಹೀಗೆಯೇ.

ಹಂತ 3: ಮತ್ತೆ ಹೋಗಿ, ಮತ್ತೆ ಮತ್ತೆ ಹೋಗಿ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತೇನೆ. ತೊಂಬತ್ತು ಭಾಗ ಕೆಲಸ ಇಲ್ಲೇ ಇದೆ.

ಕಲಬುರಗಿ ಕೋಟೆಯ ಜಾಮಿ ಮಸೀದಿ ತೆಗೆದುಕೊಳ್ಳಿ. 1367ರದು. ಸಾಮಾನ್ಯವಾಗಿ ಮಸೀದಿಗೆ ತೆರೆದ ಅಂಗಳ ಇರುತ್ತದೆ, ಇದಕ್ಕೆ ಇಲ್ಲ. ಪೂರ್ತಿ ಚಾವಣಿ. ಬೆಳಕು ಬದಿಯ ಕಮಾನುಗಳಿಂದ ನುಗ್ಗುತ್ತದೆ. ಒಳಗೆ ಹೋದ ಪ್ರತಿಯೊಬ್ಬರೂ ಕಮಾನುಗಳ ಸಾಲಿನ ನಡುವೆ ನಿಂತು ಒಂದೇ ಫೋಟೊ ತೆಗೆಯುತ್ತಾರೆ. ಒಂದರ ಹಿಂದೆ ಒಂದು ಕಮಾನು, ಕೊನೆಯಲ್ಲಿ ಬೆಳಕು. ನನ್ನ ಹತ್ತಿರವೂ ಇದೆ. ಆ ಫೋಟೊ ಚೆನ್ನಾಗಿದೆ, ಆದರೆ ಅದು ಕಟ್ಟಿದವರ ಜಾಣತನ. ನಮ್ಮದೇನೂ ಇಲ್ಲ ಅದರಲ್ಲಿ. ಬೀದರಿನ ಮಹಮೂದ್ ಗವಾನ್ ಮದರಸಾದ ಉಳಿದ ಒಂದೇ ಮಿನಾರಿನದೂ ಇದೇ ಕಥೆ. 1472ರ ಕಟ್ಟಡ, ನೀಲಿ ಹೆಂಚಿನ ತುಣುಕುಗಳು, ಹಿಂದೆ ಆಕಾಶ. ಎಲ್ಲರ ಮೊಬೈಲ್‌ನಲ್ಲೂ ಅದೇ ಕೋನ.

ಹಾಗಾದರೆ ಏನು ಮಾಡಬೇಕು? ಆ ಫೋಟೊವನ್ನು ಮೊದಲ ದಿನವೇ ತೆಗೆದುಬಿಡಿ. ತೆಗೆಯದಿದ್ದರೆ ಅದೇ ತಲೆಯಲ್ಲಿ ಕೂತಿರುತ್ತದೆ. ಎರಡನೇ ಸಲ ಹೋದಾಗ ಅದನ್ನು ಬಿಟ್ಟು ಬೇರೆ ನೋಡಿ. ಮೂರನೇ ಸಲ ಕ್ಯಾಮೆರಾ ಹೊರಗೇ ತೆಗೆಯಬೇಡಿ, ಸುಮ್ನೆ ಒಂದು ಗಂಟೆ ಕೂತುಕೊಳ್ಳಿ. ಯಾರು ಬರುತ್ತಾರೆ, ಎಲ್ಲಿ ನಿಲ್ಲುತ್ತಾರೆ, ನೆರಳು ಎಲ್ಲಿಂದ ಎಲ್ಲಿಗೆ ಹೋಗುತ್ತದೆ, ಇಷ್ಟು ನೋಡಿ. ನಾಲ್ಕನೇ ಸಲ ಹೋಗುವಾಗ ನೀವು ಪ್ರವಾಸಿಗರಾಗಿ ಉಳಿದಿರುವುದಿಲ್ಲ.

ಬೆಳಕಿನ ಬಗ್ಗೆ ಒಂದು ಮಾತು. ಎಲ್ಲ ಪುಸ್ತಕ, ಎಲ್ಲ ವಿಡಿಯೊ ಹೇಳುವುದು ಒಂದೇ: ಬೆಳಗ್ಗೆ ಸೂರ್ಯ ಹುಟ್ಟಿದ ಮೇಲಿನ ಒಂದು ಗಂಟೆ, ಸಂಜೆ ಮುಳುಗುವ ಮುಂಚಿನ ಒಂದು ಗಂಟೆ. ಗೋಲ್ಡನ್ ಅವರ್ ಅನ್ನುತ್ತಾರೆ, ಹೊಂಬೆಳಕಿನ ಹೊತ್ತು. ಅದು ತಪ್ಪಲ್ಲ. ಆದರೆ ಮೇ ತಿಂಗಳ ಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ನಿಂತಾಗ ನಮ್ಮ ಊರು ಹೇಗೆ ಕಾಣುತ್ತದೋ ಅದೂ ನಿಜವೇ ಅಲ್ವಾ? ಖಾಲಿ ಬೀದಿ, ಬಿಳಿಚಿಕೊಂಡ ಗೋಡೆ, ಕಾಲ ಕೆಳಗೇ ಮುದುಡಿಕೊಂಡ ನೆರಳು. ಯಾದಗಿರಿ, ಕಲಬುರಗಿಯ ಬಿಸಿಲನ್ನು ಹೊಂಬೆಳಕಿನಲ್ಲಿ ತೋರಿಸಿದರೆ ಅದು ಬೇರೆ ಯಾವುದೋ ಊರು ಆಗಿಬಿಡುತ್ತದೆ. ಬಿಸಿಲೇ ನಿಮ್ಮ ವಿಷಯವಾದರೆ ಹನ್ನೆರಡು ಗಂಟೆಗೇ ಹೋಗಿ. ಟೋಪಿ, ನೀರು ಮರೆಯಬೇಡಿ. ಮೊಬೈಲ್ ಕಾದರೆ ಕ್ಯಾಮೆರಾ ತಾನೇ ಬಂದ್ ಆಗುತ್ತದೆ, ಒದ್ದೆ ಮಾಡಿ ಹಿಂಡಿದ ಬಟ್ಟೆಯ ನೆರಳಲ್ಲಿ ಇಟ್ಟುಕೊಳ್ಳಿ.

ಇನ್ನೊಂದು ಸವೆದ ದಾರಿ: ಕೈಗಳ ಕ್ಲೋಸಪ್. ಬಿದ್ರಿ ಕೆಲಸದವರನ್ನು ತೆಗೆಯಲು ಹೋದವರೆಲ್ಲ ಬೆಳ್ಳಿ ತಂತಿ ಕೂರಿಸುವ ಕೈಗಳನ್ನೇ ತೆಗೆದು ಬರುತ್ತಾರೆ. ಹೋಗಿ ಪೂರ್ತಿ ಕೆಲಸ ನೋಡಿ. ಸತು, ತಾಮ್ರ ಬೆರೆಸಿ ಎರಕ ಹೊಯ್ಯುತ್ತಾರೆ. ಉಜ್ಜಿ ನಯ ಮಾಡುತ್ತಾರೆ. ಮೈಲುತುತ್ತದ ನೀರು ಸವರಿ ತಾತ್ಕಾಲಿಕವಾಗಿ ಕಪ್ಪು ಮಾಡಿಕೊಂಡು ಅದರ ಮೇಲೆ ಚಿತ್ತಾರ ಗೀರುತ್ತಾರೆ. ಕೆತ್ತಿ ಬೆಳ್ಳಿ ಕೂರಿಸುತ್ತಾರೆ. ಮತ್ತೆ ಉಜ್ಜಿದಾಗ ಕಪ್ಪು ಹೋಗಿ, ಬೆಳ್ಳಿ ಎಲ್ಲಿದೆ, ಸತು ಎಲ್ಲಿದೆ ಅಂತ ಸರಿಯಾಗಿ ಗೊತ್ತಾಗದ ಹಾಗೆ ಎರಡೂ ಒಂದೇ ಬಣ್ಣ ಆಗುತ್ತದೆ. ಕೊನೆಗೆ ಬೀದರ್ ಕೋಟೆಯ ಮಣ್ಣು, ನವಸಾಗರ ಹಾಕಿದ ಬಿಸಿ ನೀರು. ಅದರಿಂದ ಎತ್ತಿದಾಗ ಸತು ಕಪ್ಪಾಗಿರುತ್ತದೆ, ಬೆಳ್ಳಿ ಹಾಗೇ ಇರುತ್ತದೆ. ಆ ಕಪ್ಪಾಗುವ ಮುಂಚಿನ ಮಂಕು ಹೂಜಿಯ ಫೋಟೊ ನಾನು ಯಾವ ಪ್ರದರ್ಶನದಲ್ಲೂ ನೋಡಿಲ್ಲ. ನನಗೆ ಕೇಳಿದರೆ ಅದೇ ಇಡೀ ಕೆಲಸದ ಅತಿ ಸೊಗಸಾದ ಗಳಿಗೆ.

ಎಚ್ಚರಿಕೆ: ಮೊಬೈಲ್‌ನಲ್ಲಿ ಬೆರಳಿನಿಂದ ಜೂಮ್ ಮಾಡಬೇಡಿ, ನಡೆದು ಹತ್ತಿರ ಹೋಗಿ. ಬ್ಯೂಟಿ ಫಿಲ್ಟರ್ ಬಂದ್ ಮಾಡಿ. ಲೆನ್ಸ್ ಒರೆಸಿ. ನಗಬೇಡಿ, ಅರ್ಧ ಫೋಟೊ ಮಂಜಾಗುವುದು ಬೆರಳಿನ ಎಣ್ಣೆಯಿಂದಲೇ. ಕೋಟೆ, ಮದರಸಾ ಇವೆಲ್ಲ ಪುರಾತತ್ವ ಇಲಾಖೆಯ ರಕ್ಷಣೆಯಲ್ಲಿ ಇರುವ ಜಾಗಗಳು. ಟ್ರೈಪಾಡ್ ಅಂದರೆ ಮೂರು ಕಾಲಿನ ಸ್ಟ್ಯಾಂಡ್ ಇಡಲು, ಡ್ರೋನ್ ಹಾರಿಸಲು ಮೊದಲೇ ಅನುಮತಿ ಬೇಕು.

ಹಂತ 4: ಕಿತ್ತು ಹಾಕಿ

ಈಗ ನಿಮ್ಮ ಹತ್ತಿರ ಮುನ್ನೂರು ಫೋಟೊ ಇವೆ. ಗೋಡೆಗೆ ಹೋಗುವುದು ಹನ್ನೆರಡು. ಇದನ್ನು ಎಡಿಟಿಂಗ್ ಅನ್ನುತ್ತಾರೆ. ಬಣ್ಣ ತಿದ್ದುವುದಕ್ಕೂ ಅದೇ ಹೆಸರು ಬಳಸುತ್ತಾರೆ, ಆದರೆ ಪ್ರದರ್ಶನದವರ ಬಾಯಲ್ಲಿ ಎಡಿಟಿಂಗ್ ಅಂದರೆ ಆರಿಸುವುದು.

ಮೊದಲ ಸುತ್ತಿನಲ್ಲಿ ಅಲುಗಾಡಿದ್ದು, ಒಂದರಂತೆ ಇನ್ನೊಂದು ಇರುವುದು, ಇವೆಲ್ಲ ಹೊರಗೆ. ಉಳಿದ ನೂರನ್ನು ಚಿಕ್ಕದಾಗಿ ಪ್ರಿಂಟ್ ಹಾಕಿಸಿ. ಒಂದು ವಾರ ಕಟ್ಟಿ ಇಡಿ. ಆ ಬಿಸಿಲಲ್ಲಿ ಎರಡು ತಾಸು ಕಾದು ತೆಗೆದದ್ದು ಅನ್ನೋ ಸಂಕಟ ಸ್ವಲ್ಪ ಇಳಿಯಲಿ. ನೋಡುವವರಿಗೆ ನೀವು ಕಾದದ್ದು ಕಾಣುವುದಿಲ್ಲ.

ಎರಡನೇ ಸುತ್ತಿಗೆ ಆ ಇಬ್ಬರನ್ನು ಕರೆಯಿರಿ. ನಿಯಮ ಒಂದೇ: ನೀವು ಬಾಯಿ ಬಿಡಬಾರದು. ಚಹಾ ಕೊಡಿ, ದೂರ ಕೂತುಕೊಳ್ಳಿ. ಬಲ್ಲವರು "ಅಯ್ಯೋ, ಇದು ನಿಮ್ಮ ಕಾಕಾ ಅಲ್ವಾ!" ಅಂತ ಎತ್ತಿಕೊಳ್ಳುವ ಫೋಟೊ ಒಂದು ಗುಂಪಿಗೆ. ಪರಿಚಯ ಇಲ್ಲದವರು ಸುಮ್ಮನೆ ಎರಡು ಸಲ ಕೈಗೆತ್ತಿಕೊಂಡು ನೋಡುವ ಫೋಟೊ ಇನ್ನೊಂದು ಗುಂಪಿಗೆ. ಮೊದಲ ಗುಂಪು ಆಲ್ಬಮ್, ಎರಡನೇ ಗುಂಪು ಗೋಡೆ. ಎರಡರಲ್ಲೂ ಬಂದದ್ದಿದ್ದರೆ ಜೋಪಾನ ಮಾಡಿ, ಅಂಥವು ಅಪರೂಪ.

ಇಲ್ಲಿ ಬಹಳ ಜನ ಜಾರುತ್ತಾರೆ. ವಾಟ್ಸ್ಯಾಪ್ ಸ್ಟೇಟಸ್‌ಗೆ ಹಾಕಿದಾಗ ಜಾಸ್ತಿ ಹೊಗಳಿಕೆ ಬಂದ ಫೋಟೊವನ್ನು ಕಣ್ಣು ಮುಚ್ಚಿ ಸೇರಿಸಿಬಿಡುತ್ತಾರೆ. ಹೊಗಳಿದವರು ನಿಮ್ಮನ್ನು ಬಲ್ಲವರು. ಅದು ನಿಮ್ಮ ಮೇಲಿನ ಪ್ರೀತಿ, ಫೋಟೊದ ಮೇಲಿನ ತೀರ್ಪಲ್ಲ. ಇನ್ನೊಂದು, ಸೂರ್ಯಾಸ್ತ. ಚೆಂದ ಇದೆ ಅನ್ನೋ ಒಂದೇ ಕಾರಣಕ್ಕೆ ಉಳಿದ ಫೋಟೊ ಹನ್ನೆರಡರಲ್ಲಿ ಒಂದಿದ್ದರೂ ಉಳಿದ ಹನ್ನೊಂದನ್ನು ಕೆಡಿಸುತ್ತದೆ.

ಹಂತ 5: ಸಾಲು ಜೋಡಿಸಿ

ಆರಿಸಿದ್ದನ್ನು ನೆಲದ ಮೇಲೆ ಒಂದೇ ಸಾಲಲ್ಲಿ ಇಡಿ. ಈಗ ಎರಡೆರಡನ್ನು ನೋಡಿ. ಪಕ್ಕಪಕ್ಕದಲ್ಲಿ ಇಟ್ಟಾಗ ಎರಡೂ ಫೋಟೊ ಬದಲಾಗುತ್ತವೆ. ಒಣಗಿದ ಕಣದ ಪಕ್ಕ ಖಾಲಿ ತರಗತಿ ಇಟ್ಟರೆ ಒಂದು ಅರ್ಥ, ಮದುವೆ ಹಂದರ ಇಟ್ಟರೆ ಇನ್ನೊಂದು. ದಿನಾಂಕದ ಪ್ರಕಾರ ಜೋಡಿಸುವುದು ಸುಲಭ, ಆದರೆ ಸಪ್ಪೆ. ಆಕಾರ, ಬಣ್ಣ, ಖಾಲಿ ಜಾಗ ಯಾವುದಾದರೂ ಒಂದು ಫೋಟೊದಿಂದ ಮುಂದಿನದಕ್ಕೆ ದಾಟಲಿ. ಒಂದು ಗದ್ದಲದ ಫೋಟೊ ಆದ ಮೇಲೆ ಒಂದು ಮೌನದ ಫೋಟೊ.

ಫೋಟೊಗ್ರಾಫರ್ ದಯಾನಿತಾ ಸಿಂಗ್ ಅವರಂತೂ ಮರದ ದೊಡ್ಡ ಚೌಕಟ್ಟುಗಳನ್ನು ಮಾಡಿಸಿ, ಫೋಟೊಗಳನ್ನು ಬೇಕಾದಾಗ ಬದಲಿಸಿ ಜೋಡಿಸುವಂತೆ ಇಡುತ್ತಾರೆ. ಅದನ್ನೇ ಮ್ಯೂಸಿಯಂ ಅನ್ನುತ್ತಾರೆ. ಜೋಡಣೆ ಬದಲಾದರೆ ಕೆಲಸವೇ ಬದಲಾಗುತ್ತದೆ ಅನ್ನುವುದು ಅವರ ಹಾದಿ. 2022ರಲ್ಲಿ ಅವರಿಗೆ ಹ್ಯಾಸಲ್‌ಬ್ಲಾಡ್ ಪ್ರಶಸ್ತಿ ಬಂತು, ಫೋಟೊಗ್ರಫಿಯ ದೊಡ್ಡ ಪ್ರಶಸ್ತಿಗಳಲ್ಲಿ ಒಂದು.

ಜೋಡಿಸಿದ ಮೇಲೆ ಅದರದೇ ಒಂದು ಫೋಟೊ ತೆಗೆದಿಟ್ಟುಕೊಳ್ಳಿ. ಫ್ಯಾನ್ ಹಾಕಿದರೆ ಎಲ್ಲ ಹಾರಿಹೋಗುತ್ತದೆ.

ಹಂತ 6: ಪ್ರಿಂಟ್

ಮೊದಲು ಲೆಕ್ಕ. 12 ಮೆಗಾಪಿಕ್ಸೆಲ್ ಫೋಟೊ ಅಂದರೆ ಉದ್ದಕ್ಕೆ 4000, ಅಗಲಕ್ಕೆ 3000 ಚುಕ್ಕೆ. ಆ ಚುಕ್ಕೆಗೇ ಪಿಕ್ಸೆಲ್ ಅನ್ನುವುದು. ಒಂದು ಇಂಚಿಗೆ 300 ಪಿಕ್ಸೆಲ್ ಇದ್ದರೆ ಹತ್ತಿರದಿಂದ ನೋಡಿದರೂ ಪ್ರಿಂಟ್ ನುಣುಪು. ಹಾಗಾಗಿ 13 ಇಂಚು ಉದ್ದ, 10 ಇಂಚು ಅಗಲದ ತನಕ ಯೋಚನೆ ಇಲ್ಲ. ಗೋಡೆಯ ಮೇಲಿನದನ್ನು ಜನ ಸ್ವಲ್ಪ ದೂರದಿಂದ ನೋಡುತ್ತಾರೆ, 200 ಪಿಕ್ಸೆಲ್‌ಗೂ ನಡೆಯುತ್ತದೆ. ಆಗ 20 ಇಂಚು, 15 ಇಂಚಿಗೆ ಹೋಗಬಹುದು. ಅದಕ್ಕೂ ದೊಡ್ಡದು ಬೇಡ. ದೊಡ್ಡದಾದಷ್ಟೂ ಕಲೆ ಆಗುತ್ತದೆ ಅನ್ನೋ ಭ್ರಮೆ ಫ್ಲೆಕ್ಸ್ ಅಂಗಡಿಯಿಂದ ಬಂದದ್ದು.

ಫೈಲನ್ನು ವಾಟ್ಸ್ಯಾಪ್‌ನಲ್ಲಿ ಫೋಟೊ ಆಗಿ ಕಳಿಸಬೇಡಿ. ಅದು ಕುಗ್ಗಿಸಿ ಕಳಿಸುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ, ಅಥವಾ ಪೆನ್‌ಡ್ರೈವ್‌ನಲ್ಲಿ ಒಯ್ಯಿರಿ. ಲ್ಯಾಬ್‌ನವರಿಗೆ "ನೀವು ಬಣ್ಣ ತಿದ್ದಬ್ಯಾಡ್ರಿ" ಅಂತ ಬಾಯಿಬಿಟ್ಟು ಹೇಳಿ. ಮದುವೆ ಆಲ್ಬಮ್ ಮಾಡಿ ಮಾಡಿ ಅವರ ಕೈ ಮುಖವನ್ನು ಬೆಳ್ಳಗೆ, ಹುಲ್ಲನ್ನು ಹಸಿರು ಮಾಡಲು ತಾನಾಗಿ ಹೋಗುತ್ತದೆ. ಮೊದಲು ಒಂದೇ ಫೋಟೊದ ಚಿಕ್ಕ ತುಂಡನ್ನು ಪರೀಕ್ಷೆಗೆ ಹಾಕಿಸಿ. ಪರದೆಗಿಂತ ಕಾಗದದಲ್ಲಿ ಕಪ್ಪಾಗಿ ಕಾಣುವುದು ಸಹಜ, ಸ್ವಲ್ಪ ಬೆಳಕು ಏರಿಸಿ ಮತ್ತೆ ಹಾಕಿಸಿ.

ಕಾಗದ ಮ್ಯಾಟ್ ಇರಲಿ, ಅಂದರೆ ಹೊಳಪಿಲ್ಲದ್ದು. ದುಡ್ಡಿದ್ದರೆ ಆರ್ಕೈವಲ್ ಪ್ರಿಂಟ್ ಮಾಡಿಸಿ. ಆಮ್ಲ ಇಲ್ಲದ ಕಾಗದ, ಬೇಗ ಮಾಸದ ಪಿಗ್ಮೆಂಟ್ ಶಾಯಿ, ಇದಕ್ಕೆ ಹಾಗೆ ಹೆಸರು. ಬೆಂಗಳೂರು, ಹೈದರಾಬಾದ್‌ನಲ್ಲಿ ಮಾಡುತ್ತಾರೆ. ನಮ್ಮಿಂದ ಹೈದರಾಬಾದ್ ಹತ್ತಿರ. ದುಡ್ಡಿಲ್ಲದಿದ್ದರೆ ಊರಿನ ಒಳ್ಳೆಯ ಲ್ಯಾಬಿನ ಮ್ಯಾಟ್ ಪ್ರಿಂಟ್ ಸಾಕು. ಆದರೆ ಸನ್‌ಬೋರ್ಡ್‌ಗೆ, ಅಂದರೆ ಹಗುರವಾದ ಫೋಮ್ ಹಲಗೆಗೆ, ಅಂಟಿಸಬೇಡಿ. ನನ್ನ ಮೊದಲ ಪ್ರದರ್ಶನ ಏಪ್ರಿಲ್‌ನಲ್ಲಿ. ಎರಡು ಬದಿ ಅಂಟಿನ ಟೇಪಿನಿಂದ ಬೋರ್ಡಿಗೆ ಅಂಟಿಸಿದ್ದೆ. ಮೂರನೇ ದಿನಕ್ಕೆ ಹನ್ನೆರಡೂ ಫೋಟೊ ಹಂಚಿನ ಮೇಲಿನ ರೊಟ್ಟಿಯಂತೆ ಉಬ್ಬಿದ್ದವು.

ಚೌಕಟ್ಟಿನ ಅಂಗಡಿಗೆ ಹೋದಾಗ ಇನ್ನೊಂದು ಎಚ್ಚರ. ಅವರು ದೇವರ ಫೋಟೊ ಕಟ್ಟುವ ರೂಢಿಯಲ್ಲಿ ಹಿಂದೆ ಪೂರ್ತಿ ಗೋಂದು ಬಳಿದು ಹಲಗೆಗೆ ಅಂಟಿಸಿಬಿಡುತ್ತಾರೆ. ಬೇಡ ಅನ್ನಿ. ಮೇಲಿನ ಅಂಚಿಗೆ ಮಾತ್ರ ಕಾಗದದ ಟೇಪ್ ಹಾಕಿ ತೂಗಬಿಡಬೇಕು. ಫೋಟೊ ಸುತ್ತ ಮೌಂಟ್ ಬೋರ್ಡ್ ಅಂದರೆ ದಪ್ಪ ರಟ್ಟಿನ ಕಿಟಕಿ ಇರಲಿ. ಇಲ್ಲದಿದ್ದರೆ ಗಾಜು ನೇರವಾಗಿ ಫೋಟೊಗೆ ತಾಗಿ, ಮಳೆಗಾಲದಲ್ಲಿ ಅಂಟಿಕೊಳ್ಳುತ್ತದೆ. ಚೌಕಟ್ಟು ತೆಳ್ಳಗೆ, ಕಪ್ಪು ಅಥವಾ ಬಿಳಿ. ಬಂಗಾರದ ಬಳ್ಳಿ ಚಿತ್ತಾರದ್ದು ಎಷ್ಟು ಕಡಿಮೆಗೆ ಕೊಟ್ಟರೂ ಬೇಡ.

ಹಂತ 7: ಗೋಡೆ

ಜಾಗ ಹುಡುಕುವಾಗ ಬರೀ ಗ್ಯಾಲರಿ ಅಂತ ಹಟ ಹಿಡಿಯಬೇಡಿ. ಕಾಲೇಜಿನ ಸಭಾಂಗಣ, ಗ್ರಂಥಾಲಯದ ಪಡಸಾಲೆ, ಚಿತ್ರಕಲಾ ಶಾಲೆಯ ಕೋಣೆ, ಎಲ್ಲ ನಡೆಯುತ್ತದೆ. ಕ್ಯಾಲೆಂಡರ್ ಚಿತ್ರ, ಸಿನಿಮಾ ಪೋಸ್ಟರ್‌ಗಳಿಂದ ಮನೆಮನೆಗೆ ಹೋದ ಎಸ್. ಎಂ. ಪಂಡಿತರ ಊರು ಇದು. ಚಿತ್ರ ನೋಡಲು ಇಲ್ಲಿಯ ಜನ ಹಿಂಜರಿಯುವುದಿಲ್ಲ. ನವೆಂಬರ್‌ನಿಂದ ಫೆಬ್ರುವರಿ ಒಳಗೆ ಇಟ್ಟುಕೊಳ್ಳಿ. ಏಪ್ರಿಲ್, ಮೇನಲ್ಲಿ ಸಂಜೆ ಆರರ ತನಕ ಯಾರೂ ಬರುವುದಿಲ್ಲ. ಸೆಪ್ಟೆಂಬರ್ 17ರ ಆಸುಪಾಸು ಕಲ್ಯಾಣ ಕರ್ನಾಟಕ ಉತ್ಸವದ ಗಡಿಬಿಡಿ ಇರುತ್ತದೆ, ಸಭಾಂಗಣ ಸಿಗುವುದು ಕಷ್ಟ.

ಫೋಟೊದ ನಡುಭಾಗ ನೆಲದಿಂದ 57ರಿಂದ 60 ಇಂಚು ಎತ್ತರಕ್ಕೆ ಬರಲಿ. ನಿಂತವರ ಕಣ್ಣಿನ ಮಟ್ಟ ಅದು. ನಾವು ಮನೆಯಲ್ಲಿ ಹಿರಿಯರ ಫೋಟೊವನ್ನು ಬಾಗಿಲ ಮೇಲೆ ಹಾಕಿ ರೂಢಿ, ಆ ಕೈಯಲ್ಲೇ ಇಲ್ಲೂ ಮೇಲಕ್ಕೆ ಹೊಡೆದುಬಿಡುತ್ತೇವೆ. ಅಳತೆ ಪಟ್ಟಿ ಹಿಡಿಯಿರಿ. ಎರಡು ಫೋಟೊಗಳ ನಡುವೆ ಕೈ ಚಾಚಿದ ಗೇಣಿಗಿಂತ ಕಡಿಮೆ ಬೇಡ. ಟ್ಯೂಬ್‌ಲೈಟ್ ಗಾಜಿನಲ್ಲಿ ಕಾಣುತ್ತಿದ್ದರೆ ಚೌಕಟ್ಟಿನ ಮೇಲ್ತುದಿ ಸ್ವಲ್ಪ ಮುಂದಕ್ಕೆ ಬಾಗುವಂತೆ ತೂಗುಹಾಕಿ, ಇಲ್ಲ ಗಾಜನ್ನೇ ತೆಗೆದುಬಿಡಿ. ದಾರದಿಂದ ಕಟ್ಟಿದ್ದರೆ ಫ್ಯಾನಿನ ಗಾಳಿಗೆ ಅಲ್ಲಾಡುತ್ತದೆ, ಕೆಳಗಿನ ಎರಡು ಮೂಲೆಗೆ ಗೋಡೆ ಕೆಡಿಸದ ಅಂಟು ಮಣ್ಣಿನ ಸಣ್ಣ ಉಂಡೆ ಹಚ್ಚಿ, ಎಂ-ಸೀಲ್ ಬೇಡ.

ಹಂತ 8: ಬರಹ

ಕಡಿಮೆ ಬರೆಯಿರಿ. ಪ್ರತಿ ಫೋಟೊ ಕೆಳಗೆ ಊರು, ವರ್ಷ, ಬೇಕಾದರೆ ಹೆಸರು. ಬಾಗಿಲ ಹತ್ತಿರ ನೂರು ಪದಗಳ ಒಂದು ಟಿಪ್ಪಣಿ. ಹಂತ 1ರಲ್ಲಿ ಬರೆದ ವಾಕ್ಯದಿಂದ ಶುರು ಮಾಡಿದರೆ ಸಾಕು.

ದಯವಿಟ್ಟು ಬಂಡಿಯ ಫೋಟೊಕ್ಕೆ "ಬದುಕಿನ ಬಂಡಿ" ಅಂತ ಹೆಸರಿಡಬೇಡಿ. ಕೂಲಿಕಾರರ ಫೋಟೊಕ್ಕೆ "ಕಾಯಕವೇ ಕೈಲಾಸ" ಬೇಡ. ಮಗುವಿಗೆ "ಮುಗ್ಧ ನಗು" ಬೇಡ. ಇಂಥ ಹೆಸರು ಇಟ್ಟ ಕ್ಷಣ ನೀವು ಮತ್ತೆ ಪಕ್ಕದಲ್ಲಿ ನಿಂತು ಮಾತಾಡಲು ಶುರು ಮಾಡಿದಿರಿ ಅಂತಲೇ ಅರ್ಥ. ನೋಡುವವರು ಹೆಸರು ಓದುತ್ತಾರೆ, ತಲೆ ಆಡಿಸುತ್ತಾರೆ, ಮುಂದೆ ಹೋಗುತ್ತಾರೆ. ಫೋಟೊ ನೋಡುವುದಿಲ್ಲ.

ಹಂತ 9: ಒಪ್ಪಿಗೆ, ಹಕ್ಕು, ಬೆಲೆ

ಫೋಟೊದಲ್ಲಿ ಮುಖ ಇದ್ದರೆ ಅವರಿಗೆ ಹೇಳಿ, ಗೋಡೆಗೆ ಹಾಕುತ್ತೇನೆ ಅಂತಲೇ ಹೇಳಿ. ಮೊಬೈಲ್‌ನಲ್ಲಿ ಇರುವುದು ಬೇರೆ, ಊರವರೆಲ್ಲ ನೋಡುವುದು ಬೇರೆ. ಮಕ್ಕಳಿದ್ದರೆ ಮನೆಯವರನ್ನು ಕೇಳಿ. ದರ್ಗಾ, ಗುಡಿಯಲ್ಲಿ ಅಲ್ಲಿಯ ಹಿರಿಯರನ್ನು ಕೇಳಿ. "ಫೋಟೊ ತಗೀತೀರಿ, ಕೊಡೋದು ಯಾವಾಗ್ರೀ?" ಅಂತ ಅಜ್ಜಾರು ಕೇಳಿದರೆ ನಕ್ಕು ಬರಬೇಡಿ, ಪ್ರಿಂಟ್ ಒಯ್ದು ಕೊಡಿ. ಮುಂದಿನ ಸಲ ಆ ಓಣಿಯಲ್ಲಿ ನಿಮಗೆ ಕುರ್ಚಿ ಹಾಕುತ್ತಾರೆ.

ಸ್ಟುಡಿಯೊ ಇಟ್ಟುಕೊಂಡವರಿಗೆ ಒಂದು ಮಾತು. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಯಾರೋ ದುಡ್ಡು ಕೊಟ್ಟು ತೆಗೆಸಿದ ಫೋಟೊದ ಮೊದಲ ಹಕ್ಕು, ಬೇರೆ ಒಪ್ಪಂದ ಇಲ್ಲದಿದ್ದರೆ, ದುಡ್ಡು ಕೊಟ್ಟವರದು. ನೀವು ತೆಗೆದ ಮದುವೆ ಫೋಟೊ ಎಷ್ಟೇ ಚೆನ್ನಾಗಿ ಬಂದಿರಲಿ, ಆ ಮನೆಯವರ ಲಿಖಿತ ಒಪ್ಪಿಗೆ ಇಲ್ಲದೆ ಪ್ರದರ್ಶನಕ್ಕೆ ಇಡಬೇಡಿ. ಅಂದಹಾಗೆ, ದುಡ್ಡಿಗೆ ತೆಗೆದದ್ದು ಕಲೆ ಆಗುವುದಿಲ್ಲ ಅಂತೇನಿಲ್ಲ. ಈ ಭಾಗವೆಲ್ಲ ನಿಜಾಮರ ಆಳ್ವಿಕೆಯಲ್ಲಿದ್ದಾಗ ಆರನೇ ನಿಜಾಮರ ಆಸ್ಥಾನ ಫೋಟೊಗ್ರಾಫರ್ ಆಗಿದ್ದ ಲಾಲಾ ದೀನದಯಾಳ್ ಹೇಳಿಸಿಕೊಂಡೇ ತೆಗೆದವರು. ಅವರ ಫೋಟೊಗಳು ಇವತ್ತು ಮ್ಯೂಸಿಯಂಗಳಲ್ಲಿ ಇವೆ.

ಮಾರುವುದಾದರೆ ಎಡಿಷನ್ ಮಾಡಿ. ಅಂದರೆ ಈ ಅಳತೆಯಲ್ಲಿ ಈ ಫೋಟೊದ ಹತ್ತೇ ಪ್ರಿಂಟ್ ಮಾಡುತ್ತೇನೆ ಅಂತ ಮಾತು ಕೊಡುವುದು. ಹಿಂದೆ ಪೆನ್ಸಿಲ್‌ನಲ್ಲಿ 1/10, 2/10 ಅಂತ ಬರೆದು ಸಹಿ ಹಾಕಿ. ಹನ್ನೊಂದನೆಯದು ಮಾಡಬೇಡಿ, ಗೆಳೆಯರು ಕೇಳಿದರೂ. ಯಾರು ಯಾವ ಸಂಖ್ಯೆ ಕೊಂಡರು ಅಂತ ಒಂದು ವಹಿಯಲ್ಲಿ ಬರೆದಿಡಿ.

ಪ್ರದರ್ಶನ ಮುಗಿದ ಮೇಲೆ ಮಾರಾಟ ಆಗದ ಪ್ರಿಂಟ್‌ಗಳನ್ನು ಚೌಕಟ್ಟಿನಿಂದ ಬಿಡಿಸಿ. ನಡುನಡುವೆ ತೆಳುವಾದ ಬಿಳಿ ಕಾಗದ ಹಾಕಿ, ಸುರುಳಿ ಸುತ್ತದೆ ಚಪ್ಪಟೆಯಾಗಿ ಒಂದು ಡಬ್ಬದಲ್ಲಿ ಇಡಿ. ಪತ್ರಿಕೆಯ ಕಾಗದ ಹಾಕಬೇಡಿ, ಹಳದಿ ಕಲೆ ಹತ್ತುತ್ತದೆ. ಡಬ್ಬ ಗೋಡೆಗೆ ತಾಗದಿರಲಿ, ಗೆದ್ದಲಿಗೆ ಎಡಿಷನ್ ಗೊತ್ತಾಗುವುದಿಲ್ಲ.